ಗಂಗಕ್ಕನ ಡಬ್ಬಿ

ನಮ್ಮ ಮನೆಯಲ್ಲಿ ಜಿಪುಣ ಎಂಬ ಮಾತನ್ನು ಯಾರೂ ಆಡುವುದಿಲ್ಲ. ಆಡಿದರೆ ರಘೋತ್ತಮನಿಗೆ ಸಿಟ್ಟು ಬರುತ್ತದೆ. ಅವನು ಜಿಪುಣನಲ್ಲವಂತೆ, ಲೆಕ್ಕದ ಮನುಷ್ಯನಂತೆ. ಹಡೆದವಳು ನಾನು, ನನಗೆ ಗೊತ್ತಿಲ್ಲವೆ? ಧಾರವಾಡದಲ್ಲಿ ಶಾಲೆಗೆ ಹೋಗುವಾಗಲೇ ಮುಗಿದ ಪೇಸ್ಟಿನ ಕೊಳವೆಯನ್ನು ಕತ್ತರಿಯಿಂದ ಸೀಳಿ ಮತ್ತೂ ಒಂದು ವಾರ ಹಲ್ಲುಜ್ಜುತ್ತಿದ್ದ ಹುಡುಗ ಅವನು. ಈಗ ವಾಸ್ಕೋದ ಬಂದರಿನ ಹತ್ತಿರ ಹಡಗಿನ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ, ಆದರೂ ಪೇಸ್ಟಿನ ಕೊಳವೆಗೆ ಬಿಡುಗಡೆ ಇಲ್ಲ.

ಅಂಥವನು ಕೈ ಬಿಚ್ಚಿ ಡಿಶ್‌ವಾಶರ್ ತಂದನೆಂದರೆ ಅದಕ್ಕೆ ಕಾರಣ ಗೋಮಿಬಾಯಿ. ಪಕ್ಕದ ಗುಡ್ಡದ ಮೇಲಿನ ಸಡಾದಿಂದ ದಿನಾ ಬಂದು ಪಾತ್ರೆ ತಿಕ್ಕುತ್ತಿದ್ದಳು. ಬೀಚಿನ ಕಡೆಯ ಹೋಟೆಲೊಂದರಲ್ಲಿ ಹೆಚ್ಚಿನ ಪಗಾರ ಸಿಕ್ಕಿತು, ಹೋದಳು, ಚೆನ್ನಾಗಿರಲಿ. ಸೊಸೆ ಮೈತ್ರೇಯಿ ಬ್ಯಾಂಕಿನಿಂದ ಮನೆಗೆ ಬರುವಾಗ ದೀಪ ಹಚ್ಚುವ ಹೊತ್ತು ದಾಟಿರುತ್ತದೆ. ನನ್ನ ಮಂಡಿಗಳ ಕತೆ ಕೇಳಬೇಡಿ. ಬೇರೆ ಹೆಂಗಸು ಸಿಗಲಿಲ್ಲ, ಮಶಿನ್ನು ಬಂತು.

ಬಂದ ದಿನವೇ ನಾನು ನನ್ನ ಕರಾರು ಹಾಕಿದೆ. ಅನ್ನ ಬೇಯಿಸಿದ ಮುಸುರೆ ಪಾತ್ರೆ ಬೇರೆ, ಉಂಡ ಎಂಜಲು ತಟ್ಟೆ ಬೇರೆ. ಎರಡನ್ನೂ ಒಂದೇ ಹೊಟ್ಟೆಗೆ ತುಂಬಿ ಒಂದೇ ನೀರಿನಲ್ಲಿ ತಿರುಗಿಸಿದರೆ ಆ ಪಾತ್ರೆಯಲ್ಲಿ ನಾನು ದೇವರಿಗೆ ನೈವೇದ್ಯ ಮಾಡುವವಳಲ್ಲ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಮೈತ್ರೇಯಿ ದೊಡ್ಡ ಮನಸ್ಸಿನವಳು, ಆಗಲಿ ಅಂದಳು. ಮಧ್ಯಾಹ್ನ ಅಡುಗೆ ಪಾತ್ರೆಗಳನ್ನು ನಾನು ಹಾಕುವುದು, ಸಂಜೆ ಊಟವಾದ ಮೇಲೆ ತಟ್ಟೆ ಲೋಟಗಳನ್ನು ಅವಳು ಹಾಕುವುದು. ಬಾಗಿಲು ತೆಗೆಯುವುದು, ಸೋಪು ಹಾಕುವುದು, ಗುಂಡಿ ಒತ್ತುವುದು, ಎಲ್ಲವನ್ನೂ ಅವಳೇ ಕಲಿಸಿದಳು. ಎಪ್ಪತ್ತು ದಾಟಿದವಳು ಕಲಿತೆ. ಕಲಿತೆ ಎಂದು ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ.

ಆದರೆ ಒಂದು ಸಲಕ್ಕೆ ಒಂದು ಗುಳಿಗೆ ಹಾಕಬೇಕು. ಬಣ್ಣದ ಕಾಗದ ಸುತ್ತಿದ, ಪೇಡೆಯಷ್ಟಗಲದ ಗುಳಿಗೆ. ನನ್ನ ಮಡಿಯಿಂದಾಗಿ ದಿನಕ್ಕೆ ಎರಡು ಹೋಗತೊಡಗಿದವು. ಡಬ್ಬ ಬೇಗ ಬೇಗ ಖಾಲಿಯಾಗುವುದನ್ನು ನೋಡಿ ರಘುವಿನ ಮುಖ ಸಣ್ಣದಾಯಿತು. ಒಂದು ಭಾನುವಾರ ನೋಡಿದರೆ ನನ್ನ ಅಡಕತ್ತರಿ ಹಿಡಿದು ಗುಳಿಗೆಯನ್ನು ಎರಡು ಹೋಳು ಮಾಡುತ್ತ ಕೂತಿದ್ದಾನೆ! ಅರ್ಧ ಹೋಳು ಸಿಡಿದು ಫ್ರಿಜ್ಜಿನ ಕೆಳಗೆ ಹೋಯಿತು. ಅದನ್ನು ತೆಗೆಯಲು ಮನುಷ್ಯ ಕಸಬರಿಗೆ ಕಡ್ಡಿ ಹಿಡಿದು ನೆಲಕ್ಕೆ ಬೋರಲು ಮಲಗಿದ. ಅಡಕತ್ತರಿಯನ್ನು ನಾನು ಕಸಿದುಕೊಂಡು ಬಿಸಿನೀರಲ್ಲಿ ತೊಳೆದಿಟ್ಟೆ.

ಆಗ ಅವನಿಗೆ ಬುದ್ಧಿ ಹೇಳಿದವನು ಆಫೀಸಿನ ಗೆಳೆಯ, ಬೆಳಗಾವಿಯ ಯಶವಂತ. ಗುಳಿಗೆಯಲ್ಲಿ ನೀನು ಕಾಗದಕ್ಕೂ ಬಣ್ಣಕ್ಕೂ ದುಡ್ಡು ಕೊಡುತ್ತೀ, ಬಿಡಿ ಪುಡಿ ತಂದುಕೋ, ಪಾತ್ರೆ ಎಷ್ಟು ಹೊಲಸಾಗಿದೆಯೋ ಅಷ್ಟೇ ಚಮಚ ಹಾಕು, ಅರ್ಧಕ್ಕರ್ಧ ಉಳಿಯುತ್ತದೆ ಅಂದನಂತೆ. ಅರ್ಧಕ್ಕರ್ಧ ಎಂಬ ಮಾತು ಕಿವಿಗೆ ಬಿದ್ದಮೇಲೆ ನನ್ನ ಮಗನನ್ನು ಹಿಡಿಯುವವರುಂಟೆ? ವಾರವಿಡೀ ಫೋನಿನಲ್ಲಿ ಓದಿದ. ಊಟಕ್ಕೆ ಕೂತಾಗ ನಮಗೂ ಪಾಠ ಮಾಡಿದ. ಪುಡಿ ಒಂದು, ಅದರ ಜತೆಗೆ ಉಪ್ಪು ಒಂದು, ಹೊಳಪು ಬರಲು ನೀರಿನಂಥದ್ದು ಇನ್ನೊಂದು. ಗುಳಿಗೆಯಲ್ಲಿ ಮೂರೂ ಸೇರಿರುತ್ತವೆ, ಪುಡಿಯಲ್ಲಿ ಸೇರಿರುವುದಿಲ್ಲ, ಆದರೆ ಬೇರೆ ಬೇರೆ ಕೊಂಡರೂ ಅಗ್ಗವೇ. ಮಶಿನ್ನಿಗೆ ಉಪ್ಪು ಯಾತಕ್ಕೆ ಎಂದು ಕೇಳಿದೆ. ನೀರು ಮೆತ್ತಗಾಗಲಿಕ್ಕೆ ಅಂದ. ನೀರು ಗಟ್ಟಿ ಯಾವಾಗ ಇತ್ತು ಎಂದು ಕೇಳಿದರೆ ಮೈತ್ರೇಯಿ ಸೆರಗಿನಲ್ಲಿ ನಕ್ಕಳು. ನನಗೆ ಒಂದೂ ತಿಳಿಯಲಿಲ್ಲ. ಅವನಿಗೂ ಪೂರ್ತಿ ತಿಳಿದಿತ್ತೆಂದು ನನಗೆ ಅನಿಸುವುದಿಲ್ಲ.

ಮಡಗಾಂವಿನ ಹೋಲ್‌ಸೇಲ್ ಅಂಗಡಿಯಿಂದ ದೊಡ್ಡದೊಂದು ಚೀಲ ಪುಡಿ ಬಂತು. ಮಳೆಗಾಲ ಆಗ ತಾನೇ ಹಿಡಿದಿತ್ತು. ಈ ಊರಿನ ಮಳೆಗಾಲದಲ್ಲಿ ಉಪ್ಪು ತಾನಾಗಿಯೇ ಅಳುತ್ತದೆ, ಹಪ್ಪಳ ಒದ್ದೆ ಬಟ್ಟೆಯಂತಾಗುತ್ತದೆ. ಪುಡಿಯನ್ನು ಚೀಲದಲ್ಲೇ ಬಿಟ್ಟರೆ ಮುದ್ದೆಯಾಗಿ ಹಾಳಾಗುತ್ತದೆ, ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿ ಬೇಕು ಎಂದು ರಘು ಸ್ಟೂಲು ಹತ್ತಿ ಅಟ್ಟದ ಮೇಲಿನ ಡಬ್ಬಿ ಇಳಿಸಿದ. ಮುಚ್ಚಳ ತೆಗೆದು ಬೋರಲು ಹಾಕಿ ಒರೆಸುವಾಗ ತಳದ ಅಕ್ಷರ ನನ್ನ ಕಣ್ಣಿಗೆ ಬಿತ್ತು. ಚುಕ್ಕಿ ಚುಕ್ಕಿಯಾಗಿ ಕೆತ್ತಿದ ‘ಗಂಗಾ’.

ಆ ಡಬ್ಬಿಗಳು ಎರಡು. ನಮ್ಮಪ್ಪ ಇಬ್ಬರು ಹೆಣ್ಣುಮಕ್ಕಳಿಗೂ ಒಂದೇ ಅಂಗಡಿಯಲ್ಲಿ ಒಂದೇ ಅಳತೆಯವನ್ನು ಕೊಂಡು ತಳದಲ್ಲಿ ಹೆಸರು ಕೆತ್ತಿಸಿ ಕೊಟ್ಟಿದ್ದ. ಮೇಲಿಂದ ನೋಡಿದರೆ ಇದು ಯಾವುದು ಅದು ಯಾವುದು ದೇವರಿಗೇ ಗೊತ್ತು. ‘ಯಮುನಾ’ ಎಂದಿರುವ ನನ್ನ ಡಬ್ಬಿಯಲ್ಲಿ ಮೊದಲಿನಿಂದಲೂ ರಂಗೋಲಿ ಪುಡಿ. ಮುಂಬಾಗಿಲ ಒಳಗೆ, ರಾಯರ ಪಟದ ಕೆಳಗಿನ ಗೂಡಿನಲ್ಲಿ ಅದರ ಜಾಗ. ಗಂಗಕ್ಕ ಹೋದಮೇಲೆ ಅವಳ ಡಬ್ಬಿಯನ್ನು ನಾನೇ ಕೇಳಿ ಇಸಿದುಕೊಂಡು ಬಂದೆ. ಅದರಲ್ಲಿ ಏನನ್ನೂ ತುಂಬಲು ಮನಸ್ಸು ಬಾರದೆ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಸಿದ್ದೆ.

ಗಂಗಕ್ಕನಿಗೆ ಮರೆವಿನ ರೋಗ ಬಂದಿತ್ತು. ಶುರುವಾಗಿದ್ದು ಚಿಲ್ಲರೆ ಸಂಗತಿಗಳಿಂದ. ಉಪ್ಪಿನ ಭರಣಿಯಲ್ಲಿ ಸಕ್ಕರೆ, ದೇವರ ಪೆಟ್ಟಿಗೆಯಲ್ಲಿ ತೊಗರಿಬೇಳೆ. ಎಲ್ಲರೂ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಆಮೇಲೆ ಹೊಟ್ಟೆಯಲ್ಲಿ ಹುಟ್ಟಿದ ಮಗನನ್ನೇ ನಮ್ಮ ಅಣ್ಣನ ಹೆಸರಿನಿಂದ ಕರೆಯತೊಡಗಿದಳು. ಕೊನೆಯ ಸಲ ನೋಡಲು ಹೋದಾಗ ನನ್ನ ಕೈ ಹಿಡಿದುಕೊಂಡು ಭಾಳ ಮರ್ಯಾದೆಯಿಂದ “ನೀವು ಯಾರ ಪೈಕಿ?” ಎಂದು ಕೇಳಿದಳು. ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರು ನಾವು. ಧಾರವಾಡದ ಮಾಳಮಡ್ಡಿಯ ಅವಳ ಮನೆಯಿಂದ ಬಸ್ ಸ್ಟ್ಯಾಂಡಿನ ತನಕ ಆಟೋದಲ್ಲಿ ಅತ್ತೆ. ಅಂದಿನಿಂದ ಕನ್ನಡಕ ಎಲ್ಲಿಟ್ಟೆನೆಂದು ಮರೆತರೂ ಸಾಕು, ನನ್ನ ಎದೆ ಧಸಕ್ಕೆನ್ನುತ್ತದೆ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

“ರಘು, ಅದು ಗಂಗಕ್ಕನ ಡಬ್ಬಿ,” ಎಂದೆ. “ಎಂಜಲ ತೊಳಿಯೋ ಪುಡಿ ಹಾಕಬ್ಯಾಡ ಅದರಾಗ.”

“ಅವ್ವಾ, ಖಾಲಿ ಕೂತದ ಅದು. ಹೊಸಾ ಡಬ್ಬಿಗೆ ರೊಕ್ಕ ಯಾಕ ಹಾಕೋದು?” ಎಂದು ಅವನು ಪುಡಿ ಸುರಿದೇ ಬಿಟ್ಟ. ಒಯ್ದು ಸಿಂಕಿನ ಕೆಳಗೆ ಕಸದ ಬುಟ್ಟಿಯ ಪಕ್ಕ ಇಟ್ಟ. ನನ್ನ ಮೈಯೆಲ್ಲ ಉರಿಯಿತು. ಸತ್ತು ಸ್ವರ್ಗದಲ್ಲಿರುವ ಅಕ್ಕನ ಹೆಸರು ಕಸದ ಪಕ್ಕ! ಬಾಯಿಗೆ ಬಂದದ್ದೆಲ್ಲ ಅಂದೆ, ಅಂದಿನ ಊಟದಲ್ಲಿ ಮಜ್ಜಿಗೆ ಅನ್ನವನ್ನು ಬಿಟ್ಟು ಎದ್ದೆ. ಅವನೇನೂ ಕರಗಲಿಲ್ಲ. ಅಪ್ಪನ ಹಟ ಮಗನಿಗೆ ಹಾಗೇ ಇಳಿದಿದೆ.

ಪುಡಿಯೇನೋ ಚೆನ್ನಾಗಿತ್ತು, ಒಪ್ಪಬೇಕು. ಗಾಜಿನ ಲೋಟಗಳು ಮದುವೆಗೆ ಉಡುಗೊರೆ ಬಂದ ಹೊಸವುಗಳಂತೆ ಹೊಳೆದವು. ರಘು ಒಂದೊಂದನ್ನೇ ಟ್ಯೂಬ್‌ಲೈಟಿಗೆ ಹಿಡಿದು ನಮ್ಮಿಬ್ಬರಿಗೂ ತೋರಿಸಿದ, ಯಶವಂತನಿಗೆ ಫೋಟೊ ಕಳಿಸಿದ. ಕೆಲವು ದಿನ ಹೀಗೇ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ ಮಶಿನ್ನಿನ ಬಾಗಿಲು ತೆಗೆದರೆ ಪಾತ್ರೆಗಳಿಗೆಲ್ಲ ಬೂದಿ ಬಳಿದಂತೆ ಬೆಳ್ಳಗೆ ಏನೋ ಮೆತ್ತಿಕೊಂಡಿದೆ. ಬೆರಳಾಡಿಸಿದರೆ ಮರಳಿನಂತೆ ಗರಗರ ಅನ್ನುತ್ತದೆ. ನಲ್ಲಿಯ ಕೆಳಗೆ ಹಿಡಿದು ಎಲ್ಲವನ್ನೂ ಮತ್ತೆ ತೊಳೆದೆ.

ಸಂಜೆಯ ತಟ್ಟೆಗಳದ್ದೂ ಅದೇ ಗತಿ. ಪುಡಿ ಹೆಚ್ಚಾಗಿದೆ ಎಂದು ರಘು ಕಡಿಮೆ ಮಾಡಿಸಿದ, ಬಿಳಿ ಹೋಗಲಿಲ್ಲ, ಜಿಡ್ಡೂ ಹೋಗಲಿಲ್ಲ. ಕಡಿಮೆಯಾಗಿದೆ ಎಂದು ಹೆಚ್ಚು ಮಾಡಿಸಿದ, ಬಿಳಿ ಇನ್ನೂ ದಪ್ಪಗಾಯಿತು. ನೀರಿನ ದೋಷ ಅಂದ, ಉಪ್ಪು ತುಂಬಿದ. ಟ್ಯಾಂಕರಿನವನು ಬೇರೆ ಬಾವಿಯ ನೀರು ತರುತ್ತಿದ್ದಾನೆ ಎಂದು ಟ್ಯಾಂಕರಿನವನೊಂದಿಗೆ ಜಗಳವಾಡಿ ಬಂದ. ಯಾರೋ ಹೇಳಿದರೆಂದು ಲಿಂಬೆಹಣ್ಣು ಹಿಂಡಿ ಇಟ್ಟ. ಯಶವಂತನ ಮನೆಯಲ್ಲಿ ಅದೇ ಪುಡಿ, ಅದೇ ಕಂಪನಿಯ ಮಶಿನ್ನು, ಅವನ ಲೋಟಗಳು ಕನ್ನಡಿಯ ಹಾಗಿವೆಯಂತೆ. ಹಾಗಾದರೆ ತಪ್ಪು ಪುಡಿಯದ್ದಲ್ಲ, ಹಾಕುವ ಕೈಯದ್ದು. ಹಾಕುವ ಕೈಗಳು ಎರಡು, ಒಂದು ಬ್ಯಾಂಕಿನ ಲೆಕ್ಕ ನೋಡುವ ಕೈ. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಎಲ್ಲರ ಕಣ್ಣು ನನ್ನ ಕಡೆ ತಿರುಗಿತು. ಮಾರನೆಯ ದಿನ ಡಬ್ಬಿಯ ಮುಚ್ಚಳಕ್ಕೆ ದಾರ ಕಟ್ಟಿ ಒಂದು ಅಳತೆ ಚಮಚ ತೂಗಾಡುತ್ತಿತ್ತು. ನನಗೆ ಹಸುವಿನ ಕೊರಳಿಗೆ ಗಂಟೆ ಕಟ್ಟಿದ್ದು ನೆನಪಾಯಿತು.

ಇದೇ ಹೊತ್ತಿಗೆ ನನ್ನ ರಂಗೋಲಿ ಕೆಟ್ಟಿತು.

ಲಂಗ ಉಡುವ ವಯಸ್ಸಿನಿಂದ ಹಾಕುತ್ತ ಬಂದವಳು. ಪುಡಿ ಹಿಡಿದರೆ ಗೆರೆ ತಾನಾಗಿಯೇ ಬೆರಳಿನಿಂದ ಇಳಿಯಬೇಕು, ಅದರಲ್ಲಿ ಯೋಚಿಸುವುದಕ್ಕೇನಿದೆ? ಈಗ ಇಳಿಯುವುದಿಲ್ಲ. ಬೆರಳಿಗೆ ಅಂಟಿಕೊಂಡು ಕೂರುತ್ತದೆ, ಬಿದ್ದರೆ ಹರಳಿನಂತೆ ಒಂದೇ ಕಡೆ ಬೀಳುತ್ತದೆ. ಪದ್ಮದ ಎಸಳು ಬದನೆಕಾಯಿಯ ಹಾಗೆ ಆಗುತ್ತದೆ. ಮಧ್ಯಾಹ್ನದೊಳಗೆ ಗೆರೆಗಳೆಲ್ಲ ಬೆವರಿ ಕರಗಿ ಹೋಗಿರುತ್ತವೆ. ಮಳೆಗಾಲದ ಥಂಡಿ ಎಂದು ಮೊದಲು ಸಮಾಧಾನ ಮಾಡಿಕೊಂಡೆ. ಆದರೆ ಎಷ್ಟು ಮಳೆಗಾಲ ಕಳೆದಿಲ್ಲ ನಾನು ಇಲ್ಲಿ? ಬೆರಳ ತುದಿಗಳು ಉರಿಯತೊಡಗಿದವು, ಸಿಪ್ಪೆ ಏಳತೊಡಗಿತು. ಕೊಬ್ಬರಿ ಎಣ್ಣೆ ಹಚ್ಚಿಕೊಂಡೆ. ಎಡಗಣ್ಣಿನ ಪೊರೆ ತೆಗೆಸುವುದು ಬಾಕಿ ಇದೆ, ಕಣ್ಣಿನ ದೋಷವೋ, ಕೈಯ ದೋಷವೋ, ಇನ್ನೂ ಒಳಗಿನ ಯಾವುದರದ್ದೋ.

ಎದುರು ಮನೆಯ ರೂಪಾ ಕೊಂಕಣಿಯವಳು, ನಗುನಗುತ್ತ ಮಾತಾಡಿಸುವ ಹೆಂಗಸು. ಒಂದು ಬೆಳಿಗ್ಗೆ ನನ್ನನ್ನು ನಿಲ್ಲಿಸಿ, ಅಜ್ಜಿ, ನಿಮ್ಮ ಬಾಗಿಲ ಮುಂದೆ ಲಿಂಬೆಹಣ್ಣಿನ ಘಮ ಬರುತ್ತದೆ, ಯಾವ ಊದುಬತ್ತಿ ಅದು ಎಂದು ಕೇಳಿದಳು. ಕೊರೊನಾ ಬಂದುಹೋದಾಗಿನಿಂದ ನನಗೆ ವಾಸನೆ ಅಷ್ಟಕ್ಕಷ್ಟೇ. ನಾನು ಹಚ್ಚುವುದು ಚಂದನದ ಬತ್ತಿ. ಚಂದನದ್ದೇ ಹಚ್ಚಿದ್ದೆನೋ ಬೇರೆ ಏನಾದರೂ ಹಚ್ಚಿದ್ದೆನೋ ಎಂದು ಒಳಗೆ ಹೋಗಿ ಪೊಟ್ಟಣ ನೋಡಿದೆ. ಚಂದನದ್ದೇ. ನೋಡಿದಮೇಲೂ ನಂಬಿಕೆ ಬರಲಿಲ್ಲ, ಮತ್ತೊಮ್ಮೆ ಹೋಗಿ ನೋಡಿದೆ.

ಒಮ್ಮೆ ಹೆದರಿಕೆ ಹೊಕ್ಕರೆ ಮುಗಿಯಿತು, ಎಲ್ಲದರಲ್ಲೂ ಅದೇ ಕಾಣುತ್ತದೆ. ಹಾಲು ಉಕ್ಕಿ ಒಲೆ ಆರಿಹೋಯಿತು. ಹಾಲು ಉಕ್ಕದ ಮನೆ ಯಾವುದು? ಆದರೂ ಆ ದಿನವಿಡೀ ಒಲೆಯ ಮುಂದಿನಿಂದ ಕದಲಲಿಲ್ಲ. ರೂಪಾಳನ್ನು ದೀಪಾ ಎಂದು ಕರೆದುಬಿಟ್ಟೆ. ನನಗೆ ನಾನೇ ಪರೀಕ್ಷೆ ಇಟ್ಟುಕೊಳ್ಳತೊಡಗಿದೆ. ವಿಷ್ಣು ಸಹಸ್ರನಾಮ ಮೊದಲಿಂದ ಕೊನೆಯ ತನಕ ತಡೆಯಿಲ್ಲದೆ ಬಂತು. ಗಂಗಕ್ಕನ ಮನೆಯ ಹಳೇ ಫೋನ್ ನಂಬರೂ ಬಂತು. ಹಿಂದಿನ ದಿನ ಮಧ್ಯಾಹ್ನ ಯಾವ ಪಲ್ಯ ಮಾಡಿದ್ದೆ ಎಂಬುದು ಮಾತ್ರ ಬರಲಿಲ್ಲ. ಫ್ರಿಜ್ ತೆಗೆದು ನೋಡಿ ಹೀರೆಕಾಯಿ ಎಂದು ತಿಳಿದುಕೊಂಡೆ.

ಒಂದು ಸಂಜೆ ದೇವರ ದೀಪ ಹಚ್ಚಿ ಬರುತ್ತಿದ್ದೆ, ಅಡುಗೆಮನೆಯಲ್ಲಿ ಇಬ್ಬರ ಮಾತು. ನಿಂತೆ. ಕದ್ದು ಕೇಳಬಾರದು, ಗೊತ್ತು, ಆದರೆ ಕಾಲು ಏಳಲಿಲ್ಲ.

“ಅತ್ಯಾ ಮರೀಲಿಕತ್ತಾರ್ರೀ. ಪುಡಿ ಹಾಕಿ ಮತ್ತ ಮತ್ತ ಹಾಕ್ತಾರೋ ಏನೋ. ಬೆರಳು ನೋಡೀರೇನು, ಹೆಂಗ ಸುಲಿದಾವ?” ಎಂದಳು ಮೈತ್ರೇಯಿ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು, ನಾನೂ ಎರಡು ಮಾತು ಆಡುತ್ತಿದ್ದೆ.

ರಘು ನಲ್ಲಿ ನಿಲ್ಲಿಸಿದ. “ಗಂಗಾ ಮೌಶಿಗೂ ಹಿಂಗೇ ಸುರು ಆಗಿತ್ತು,” ಅಂದ.

ಮಗನ ಬಾಯಿಂದ ಆ ಮಾತು ಬಂದಮೇಲೆ ನನಗೆ ನಿಲ್ಲಲಾಗಲಿಲ್ಲ. ಹೊರಳಿ ಹೋಗಿ ಮತ್ತೆ ದೇವರ ಮುಂದೆ ಕೂತೆ. ಊಟಕ್ಕೆ ಬಡಿಸುವಾಗ ಅವನು ನನ್ನ ಮುಖ ನೋಡದೆ, ಶುಕ್ರವಾರ ಮಡಗಾಂವಿಗೆ ಹೋಗಿ ಬರೋಣ, ಒಳ್ಳೆಯ ಡಾಕ್ಟರು ಒಬ್ಬರಿದ್ದಾರೆ, ನಿನ್ನ ಬಿ.ಪಿ. ತೋರಿಸಿ ಬಹಳ ದಿನವಾಯಿತು ಅಂದ. ನನ್ನ ಬಿ.ಪಿ. ಅವನದಕ್ಕಿಂತ ಚೆನ್ನಾಗಿದೆ. ಸುಳ್ಳು ಹೇಳುತ್ತಾನೆಂದು ಗೊತ್ತು, ನನಗೆ ಗೊತ್ತೆಂದು ಅವನಿಗೂ ಗೊತ್ತಿರಬೇಕು. ಆಗಲಿ ಅಂದೆ. ಬೇರೆ ಏನು ಅನ್ನಲಿ? ಅಂದು ನನಗೆ ಆದ ದುಃಖ ಶತ್ರುವಿಗೂ ಬೇಡ.

ಶುಕ್ರವಾರ ಬೆಳಿಗ್ಗೆ ಎದ್ದು ಹೊಸ್ತಿಲ ಮುಂದೆ ನೀರು ಹಾಕಿ ಬಟ್ಟೆಯಿಂದ ಒರೆಸಿದೆ. ಒರೆಸಿ ನೋಡುತ್ತೇನೆ, ಖಾಲಿ ನೆಲದ ಮೇಲೆ ರಂಗೋಲಿ ಇದೆ. ಇನ್ನೂ ಡಬ್ಬಿ ಮುಟ್ಟಿಲ್ಲ ನಾನು. ಮಸುಕಾಗಿ, ಒಂದರ ಮೇಲೊಂದು ಗೆರೆ: ಮೊನ್ನೆಯ ಪದ್ಮ, ಅದರ ಅಡ್ಡ ಯಾವತ್ತಿನದೋ ಶಂಖ, ಮೂಲೆಯಲ್ಲಿ ಬದನೆಕಾಯಿ ಎಸಳು. ಕಣ್ಣು ಉಜ್ಜಿಕೊಂಡೆ. ಮತ್ತೆ ಒರೆಸಿದೆ, ಜೋರಾಗಿ ತಿಕ್ಕಿದೆ. ಗೆರೆಗಳು ಹೋಗಲಿಲ್ಲ, ಇನ್ನೂ ಸ್ಪಷ್ಟವಾದವು. ಬೆರಳಿನಿಂದ ಮುಟ್ಟಿದರೆ ಪುಡಿ ಇಲ್ಲ, ಏನೂ ಇಲ್ಲ, ಬರಿ ನೆಲ. ಗಂಗಕ್ಕ ಕೊನೆ ಕೊನೆಗೆ ಗೋಡೆಯ ಮೇಲೆ ಯಾರು ಯಾರನ್ನೋ ಕಂಡು ಮಾತಾಡುತ್ತಿದ್ದಳು. ಬಾಗಿಲ ಚೌಕಟ್ಟು ಹಿಡಿದು ಹಾಗೇ ಕೂತುಬಿಟ್ಟೆ. ಮಗ ಸೊಸೆ ಆಫೀಸಿಗೆ ಹೊರಟು ನಿಂತಿದ್ದರು, ಮಧ್ಯಾಹ್ನ ಅರ್ಧ ದಿನದ ರಜೆ ಹಾಕಿ ಬರುತ್ತೇವೆ, ತಯಾರಾಗಿರು ಎಂದು ಹೇಳಿ ಆ ಗೆರೆಗಳನ್ನು ದಾಟಿಯೇ ಹೋದರು. ಇಬ್ಬರೂ ನೆಲ ನೋಡಲಿಲ್ಲ. ಅವರಿಗೆ ಕಾಣಲಿಲ್ಲ, ನನಗೆ ಮಾತ್ರ ಕಾಣುತ್ತದೆ ಎಂದು ನಾನು ತಿಳಿದೆ.

ಎಷ್ಟು ಹೊತ್ತು ಕೂತಿದ್ದೆನೋ. ರೂಪಾ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದವಳು ನನ್ನ ಎದುರು ನಿಂತು ನೆಲವನ್ನೇ ದಿಟ್ಟಿಸಿದಳು. ಆಮೇಲೆ ಬಗ್ಗಿ, ಬೆರಳಿನಿಂದ ಪದ್ಮದ ಒಂದು ಎಸಳಿನ ಮೇಲೆ ಗೆರೆ ಹಿಡಿದು ಎಳೆದಳು. ನಾನು ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ನನಗೆ ಬರುವ ಮರಾಠಿಯಲ್ಲಿ, ನಿನಗೂ ಇದು ಕಾಣುತ್ತದೆಯೇ ಎಂದು ಕೇಳಿದೆ. ಕಾಣದೆ ಏನು, ಎಂದಳು ಅವಳು. ಈ ನೆಲದ ಕೊಳೆ ಬಿಲ್ಡಿಂಗ್ ಕಟ್ಟಿದಾಗಿನದು, ನಾನು ಆಸಿಡ್ ಹಾಕಿ ತಿಕ್ಕಿದರೂ ಹೋಗಿಲ್ಲ, ನೀವು ರಂಗೋಲಿ ಹಾಕಿದಷ್ಟು ಜಾಗದಲ್ಲಿ ಮಾತ್ರ ಹೊಸ ಟೈಲ್ಸಿನ ಹಾಗೆ ಬೆಳ್ಳಗಾಗಿದೆ, ಯಾವ ಪುಡಿ ಅಜ್ಜಿ ಇದು, ಲಿಂಬೆಹಣ್ಣಿನ ವಾಸನೆ ಬೇರೆ ಹೊಡೆಯುತ್ತದೆ!

ನೆಲದ ಕೊಳೆ ಹೋಗಿದೆ. ಗೆರೆ ಬಿದ್ದಲ್ಲಿ ಮಾತ್ರ ಹೋಗಿದೆ. ಅಯ್ಯೋ ದೇವರೇ, ಎಂದು ನಾನು ಮಂಡಿ ನೋವನ್ನೂ ಮರೆತು ಎದ್ದೆ.

ಗೂಡಿನಲ್ಲಿದ್ದ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು, ಬೆಳ್ಳಗೆ ಮಂಕಾಗಿದ್ದ ಗಾಜಿನ ಲೋಟವೊಂದಕ್ಕೆ ಹಾಕಿ, ಬಿಸಿನೀರು ಬಿಟ್ಟು ತಿಕ್ಕಿದೆ. ಜಿಡ್ಡೆಲ್ಲ ಬಿಟ್ಟು ಲೋಟ ಹೊಳೆಯಿತು. ಸಿಂಕಿನ ಕೆಳಗಿನ ಡಬ್ಬಿ ಎಳೆದು, ತೂಗಾಡುವ ಚಮಚವನ್ನು ಕಿತ್ತೊಗೆದು, ಒಳಗೆ ಕೈ ಹಾಕಿದೆ. ಸಣ್ಣಗೆ, ತಣ್ಣಗೆ, ಭಾರವಾಗಿ ಬೆರಳ ಸಂದಿಯಿಂದ ಇಳಿಯಿತು. ಧಾರವಾಡದಿಂದ ನಾನೇ ತಂದ ರಂಗೋಲಿ ಕಲ್ಲಿನ ಪುಡಿ. ಅಡುಗೆಮನೆಯ ನೆಲಕ್ಕೇ ಕೂತು ಒಂದು ಗೆರೆ ಎಳೆದೆ. ಇಳಿಯಿತು. ಇನ್ನೊಂದು ಎಳೆದೆ. ಎಸಳಿಗೆ ಎಸಳು ಕೂಡಿತು, ಎಲ್ಲೂ ಕಡಿಯಲಿಲ್ಲ, ಎಲ್ಲೂ ದಪ್ಪವಾಗಲಿಲ್ಲ. ನನ್ನ ಕೈ ಚೆನ್ನಾಗಿತ್ತು. ಕೈ ಚೆನ್ನಾಗಿಯೇ ಇತ್ತು! ಅಳುತ್ತ ನಗುತ್ತ ಫ್ರಿಜ್ಜಿನಿಂದ ಒಲೆಕಟ್ಟೆಯ ತನಕ ಹಾಕಿದೆ.

ಮಧ್ಯಾಹ್ನ ಬಂದ ಇಬ್ಬರೂ ಅಡುಗೆಮನೆಯ ಬಾಗಿಲಲ್ಲೇ ನಿಂತರು. ನೆಲದ ತುಂಬ ರಂಗೋಲಿ, ನಡುವೆ ನಾನು. ಮೈತ್ರೇಯಿಯ ಮುಖ ಬಿಳಿಚಿಕೊಂಡಿತು, ಅತ್ತೆಯ ತಲೆ ಪೂರ್ತಿ ಕೆಟ್ಟಿತೆಂದೇ ತಿಳಿದಿರಬೇಕು. ನಾನು ಕೂತಲ್ಲಿಂದಲೇ ಎಲ್ಲ ಹೇಳಿದೆ. ಮಶಿನ್ನಿಗೆ ಹೋದದ್ದು ರಂಗೋಲಿ, ಬಾಗಿಲಿಗೆ ಹೋದದ್ದು ಸೋಪು. ಹೊಳೆಯುವ ಲೋಟ ತೋರಿಸಿದೆ. ರಘು ಒಂದು ಡಬ್ಬಿ ಮೂಸಿದ, ಇನ್ನೊಂದು ಡಬ್ಬಿ ಮೂಸಿದ, ಮಶಿನ್ನಿನ ತಳದ ಜಾಲರಿ ತೆಗೆದು ನೋಡಿದ. ಗಟ್ಟಿ ಬಿಳಿ ಕೆಸರು. ಆಮೇಲೆ ಅವನಿಗೆ ನಗು ಹತ್ತಿತು ನೋಡಿ, ಮಶಿನ್ನು ಒಳಗೇ ದಿನಾ ಎರಡು ಸಲ ರಂಗೋಲಿ ಹಾಕಿದೆಯಲ್ಲ ಎಂದು ಹೊಟ್ಟೆ ಹಿಡಿದುಕೊಂಡ. ಪುಡಿಯ ಘಮ ಹೋಗಿದ್ದು ತನಗೂ ಗೊತ್ತಾಗಿತ್ತು, ಅಗ್ಗದ ಪುಡಿ, ಘಮ ಹಾರಿತು ಎಂದುಕೊಂಡಿದ್ದೆ ಎಂದಳು ಮೈತ್ರೇಯಿ. ಅವಳು ನಗುತ್ತ ನಗುತ್ತ ಅತ್ತುಬಿಟ್ಟಳು. ನನ್ನ ಸುಲಿದ ಬೆರಳುಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ತಪ್ಪಾತು, ಅತ್ಯಾ,” ಅಂದಳು. ಪುಡಿಯದ್ದೇನೂ ತಪ್ಪಿಲ್ಲ, ನಾನು ಹೇಳಿದ್ದೆ, ಅರ್ಧಕ್ಕರ್ಧ ಉಳಿತಾಯ ಖರೇ ಎಂದು ರಘು ಅಲ್ಲೇ ತನ್ನ ಪ್ರವರ ಶುರು ಮಾಡಿದ. ಡಾಕ್ಟರ ಭೇಟಿ ರದ್ದು ಮಾಡುತ್ತೇನೆಂದು ಫೋನ್ ತೆಗೆದ. ಆ ಮನೆಯಲ್ಲಿ ಅಷ್ಟು ಹಗುರಾದ ಹೊತ್ತು ಬಂದು ಎಷ್ಟೋ ದಿನವಾಗಿತ್ತು.

ನಂಬರು ಹುಡುಕುತ್ತ ಅವನು ತಲೆ ಎತ್ತಿದ. “ಆದರ ಡಬ್ಬಿ ಹೆಂಗ ಅದಲಿ ಬದಲಿ...” ಎಂದು ಬಾಯಿ ತೆಗೆದ. ಮೈತ್ರೇಯಿ ಕಣ್ಣಿನಿಂದಲೇ ಬೇಡ ಎಂದು ಸನ್ನೆ ಮಾಡಿದಳು. ಅವನು ಮತ್ತೆ ಫೋನಿಗೆ ತಲೆ ಬಗ್ಗಿಸಿದ. ಪೊರೆ ಬಂದ ಕಣ್ಣಾದರೂ ಆ ಸನ್ನೆ ನನಗೆ ಕಂಡಿತು.

ಎರಡೂ ಡಬ್ಬಿಗಳನ್ನು ಮುಂದೆ ಎಳೆದುಕೊಂಡು ವಾರೆ ಮಾಡಿ ತಳಕ್ಕೆ ಬೆರಳಾಡಿಸಿದೆ. ರಾಯರ ಪಟದ ಕೆಳಗೆ ಕೂತಿದ್ದು ಗಂಗಾ. ಕಸದ ಬುಟ್ಟಿಯ ಪಕ್ಕದಲ್ಲಿದ್ದದ್ದು ಯಮುನಾ. ಇದನ್ನು ರಘು ಮಾಡುವುದಿಲ್ಲ, ಅವನಿಗೆ ಡಬ್ಬಿ ಡಬ್ಬಿಯೇ. ಮೈತ್ರೇಯಿ ಸ್ನಾನವಿಲ್ಲದೆ ಆ ಗೂಡಿಗೆ ಕೈ ಹಾಕುವವಳಲ್ಲ, ಬೇಕಾಗಿಯೂ ಇಲ್ಲ. ಅಕ್ಕನ ಹೆಸರು ಕಸದ ಪಕ್ಕ ಇರುವುದು ಬೇಡ, ಇರಬೇಕಾದರೆ ನನ್ನದಿರಲಿ ಎಂಬ ಹಟ ಈ ಮನೆಯಲ್ಲಿ ಒಬ್ಬಳಿಗೇ. ಡಬ್ಬಿ ಬದಲಿಸಿ, ಒಳಗಿನ ಪುಡಿಯನ್ನೂ ಬದಲಿಸಬೇಕೆಂದು ಹೊರಟಿರಬೇಕು. ಡಬ್ಬಿಗಳ ಜಾಗ ಬದಲಾಯಿತು, ಪುಡಿ ಆಯಾ ಡಬ್ಬಿಯಲ್ಲೇ ಉಳಿಯಿತು. ನಡುವೆ ಏನಾಯಿತು? ಬಾಗಿಲ ಗಂಟೆ ಬಾರಿಸಿತೋ, ಕುಕ್ಕರ್ ಕೂಗಿತೋ? ಸಿಟ್ಟು ಬಂದದ್ದು ನೆನಪಿದೆ, ಮಜ್ಜಿಗೆ ಬಿಟ್ಟು ಎದ್ದದ್ದು ನೆನಪಿದೆ. ಈ ಕೈಗಳಿಂದ ಎರಡು ಡಬ್ಬಿ ಎತ್ತಿ ಮನೆಯ ಈ ತುದಿಯಿಂದ ಆ ತುದಿಗೆ ನಡೆದದ್ದು ನೆನಪಿಲ್ಲ. ಎಷ್ಟು ತಡಕಿದರೂ ಇಲ್ಲ.

“ಫೋನ್ ಕೆಳಗಿಡು, ರಘು,” ಎಂದೆ. “ಡಾಕ್ಟರ್ ಕಡೆ ಹೋಗೋಣು.”

“ಯಾಕವ್ವಾ? ಎಲ್ಲಾ ಗೊತ್ತಾತಲ್ಲ ಈಗ.”

“ಡಬ್ಬಿ ಬದಲಿಸಿದಾಕಿ ನಾನೇ. ಬ್ಯಾರೆ ಯಾರೂ ಅಲ್ಲ. ನನಗ ನೆನಪಿಲ್ಲ ಅದು.” ಎರಡೂ ಡಬ್ಬಿಗಳನ್ನು ನೆಟ್ಟಗೆ ನಿಲ್ಲಿಸಿದೆ. “ಬಿ.ಪಿ. ಗೀಪಿ ಅನಬ್ಯಾಡ್ರಿ ನನ್ನ ಮುಂದ. ಖರೇ ಹೇಳಿ ಕರಕೊಂಡು ಹೋಗ್ರಿ, ಬರ್ತೀನಿ.”

ರಘು ಫೋನನ್ನು ಜೇಬಿಗೆ ಹಾಕಿಕೊಂಡ. ನನ್ನ ಪಕ್ಕ ರಂಗೋಲಿಯ ಮೇಲೆಯೇ ಕೂತುಬಿಟ್ಟ. ಅವನ ಅಪ್ಪ ಸತ್ತಾಗಲೂ ಅವನನ್ನು ನಾನು ಹಾಗೆ ಕಂಡಿರಲಿಲ್ಲ.

ಹೊರಡುವ ಮೊದಲು ಒಂದು ಕೆಲಸ ಬಾಕಿ ಇತ್ತು. ಎರಡೂ ಪುಡಿಗಳನ್ನು ಕಾಗದದ ಮೇಲೆ ಬೇರೆ ಬೇರೆ ಸುರಿದೆ. ಗಂಗಕ್ಕನ ಡಬ್ಬಿಯನ್ನು ತೊಳೆದು ಒರೆಸಿ ಅದಕ್ಕೆ ರಂಗೋಲಿ ತುಂಬಿ ರಾಯರ ಪಟದ ಕೆಳಗೆ ಇಟ್ಟೆ. ನನ್ನ ಡಬ್ಬಿಗೆ ಸೋಪಿನ ಪುಡಿ ತುಂಬಿ ಸಿಂಕಿನ ಕೆಳಗೆ ಇಟ್ಟೆ. ಇಷ್ಟನ್ನೂ ಮೈತ್ರೇಯಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಿದೆ.

“ನೋಡಿಕೋ,” ಎಂದೆ ಅವಳಿಗೆ. “ನಾನೇ ಮಾಡೀನಿ, ನನ್ನ ಮನಸಿಲೇ ಮಾಡೀನಿ. ಮುಂದ ಯಾವಾಗರೆ ನಾ ಯಾರು ಇಟ್ಟಾರ ಇದನ್ನ ಅಂತ ಕೇಳಿದರ, ನಗಬ್ಯಾಡ. ನೀವೇ ಇಟ್ಟೀರಿ ಅಂತ ಹೇಳು.”

“ಹೇಳ್ತೀನಿ, ಅತ್ಯಾ,” ಅಂದಳು ಅವಳು. ನನ್ನ ಚಪ್ಪಲಿ ತಂದು ಹೊಸ್ತಿಲ ಹತ್ತಿರ ಇಟ್ಟಳು.